ಪೆಂಟಿಕೋಸ್ಟ್ ನದಿಯಲ್ಲಿ ಎರಡನೇ ಗೇರು

ಪರ್ತ್, ಸದರ್ನ್ ರಿವರ್

ಪರ್ತ್ ವಿಮಾನ ನಿಲ್ದಾಣದಲ್ಲಿ ಸಾಮಾನು ತಪಾಸಣೆ ಮಾಡುವ ಹುಡುಗಿ ನನ್ನ ಖಡಕ್ ರೊಟ್ಟಿಯೊಂದನ್ನು ಎತ್ತಿ ಮೇಜಿನ ಅಂಚಿಗೆ ಬಡಿದು ನೋಡಿದಳು. ಟಣ್ ಎಂದಿತು. "ಇದು ತಿನ್ನುವುದೋ, ಇದರ ಮೇಲೆ ಇಟ್ಟುಕೊಂಡು ತಿನ್ನುವುದೋ?" ಎಂದು ಕೇಳಿದಳು. ಎರಡೂ ಹೌದು ಎಂದೆ. ಅವಳಿಗೆ ನಗು ಬಂತು. ಮೆಂತ್ಯದ ಕಾಳು ಹೊರಗಿನಿಂದ ತರಬಾರದ ಬೀಜವಾದ್ದರಿಂದ ಕಸದ ಡಬ್ಬಿಗೆ ಹೋಯಿತು. ರೊಟ್ಟಿಯೂ ಗುರೆಳ್ಳು ಚಟ್ನಿಪುಡಿಯೂ ಬಚಾವಾದವು. ಹೀಗೆ ನಾನು ಆಸ್ಟ್ರೇಲಿಯ ದೇಶದೊಳಗೆ ಕಾಲಿಟ್ಟೆ.

ಹೊರಗೆ ಲವೀನಾ ಕಾಯುತ್ತಿದ್ದಳು. ಹುಬ್ಬಳ್ಳಿಯ ನರ್ಸಿಂಗ್ ಶಾಲೆಯಲ್ಲಿ ನಾವಿಬ್ಬರೂ ಮೂರು ವರ್ಷ ಒಂದೇ ಕೋಣೆಯಲ್ಲಿದ್ದವರು. ನಾನು ಸವಣೂರಿನವಳು, ಅವಳು ಕುಂದಾಪುರದ ಕಡೆಯವಳು. ಓದು ಮುಗಿದ ಮೇಲೆ ನಾನು ಹಾವೇರಿ ಹತ್ತಿರದ ಸರಕಾರಿ ಆರೋಗ್ಯ ಕೇಂದ್ರ ಸೇರಿದೆ, ಅವಳು ಕುವೈತಿಗೆ ಹಾರಿದಳು. ಅಲ್ಲೇ ಕಾರ್ಕಳದ ಫ್ರಾನ್ಸಿಸ್ ಎಂಬ ಮೆಕ್ಯಾನಿಕ್‌ನನ್ನು ಮದುವೆಯಾದಳು. ಯುದ್ಧ ಬಂದಾಗ ಇಬ್ಬರೂ ಉಟ್ಟ ಬಟ್ಟೆಯಲ್ಲಿ ಓಡಿಬಂದು, ಕೊನೆಗೆ ಪರ್ತಿನಲ್ಲಿ ನೆಲೆ ಕಂಡುಕೊಂಡಿದ್ದರು. ಅಲ್ಲಿಂದ ಐದು ವರ್ಷ ಪತ್ರದ ಮೇಲೆ ಪತ್ರ: "ಒಮ್ಮೆ ಬಾ ಮಾರಾಯ್ತಿ. ನಿನ್ನ ಸರ್ಟಿಫಿಕೇಟೆಲ್ಲ ಒಟ್ಟಿಗೇ ತಾ, ಇಲ್ಲಿ ಕೆಲಸ ಸಿಕ್ಕಿದರೂ ಸಿಕ್ಕೀತು." ಕೆಲಸದ ಆಸೆ ನನಗಿರಲಿಲ್ಲ. ಆದರೂ ಕಾಗದಪತ್ರಗಳ ಚೀಲವನ್ನು ಇದ್ದ ಹಾಗೆಯೇ ಎತ್ತಿಕೊಂಡು ಬಂದಿದ್ದೆ.

ಅವರ ಮನೆ ಇದ್ದದ್ದು ಸದರ್ನ್ ರಿವರ್ ಎಂಬಲ್ಲಿ. ಹೆಸರಿನಲ್ಲಿದ್ದ ನದಿ ನನಗೆ ಒಂದು ದಿನವೂ ಕಾಣಲಿಲ್ಲ. ಮರಳು ನೆಲ, ದೂರದೂರದ ಮನೆಗಳು, ಒಂದೆರಡು ಕುದುರೆಗಳು. ಅಂಗಳದಲ್ಲಿ ಮಾತ್ರ ಒಂದು ಆನೆಯಂಥ ಗಾಡಿ ನಿಂತಿತ್ತು: ಎತ್ತರದ ಚಕ್ರ, ತಲೆಯ ಮೇಲೆ ಎರಡು ಸ್ಟೆಪ್ನಿ, ಮೂಗಿನ ಪಕ್ಕದಿಂದ ಚಾವಣಿಯವರೆಗೆ ಎದ್ದ ಕಪ್ಪು ಕೊಳವೆ.

"ಇದೆಂಥಾ ಸೊಂಡಿಲ?" ಎಂದೆ.

"ಗಾಡಿ ನೀರಿಗೆ ಇಳಿದಾಗ ಎಂಜಿನ್ ಉಸಿರಾಡ್ಲಿಕ್ಕೆ, ಗಿರಿಜಕ್ಕ" ಎಂದ ಫ್ರಾನ್ಸಿಸ್.

"ನೀರಿಗ್ಯಾಕ ಇಳೀತೈತಿ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು ನಕ್ಕರು. ನನ್ನನ್ನು ಕರೆಸಿದ್ದು ಪರ್ತಿನ ಪಾರ್ಕು ತೋರಿಸಲಿಕ್ಕಲ್ಲ ಎಂದು ಆಗ ಗೊತ್ತಾಯಿತು. ಉತ್ತರದ ಕಿಂಬರ್ಲಿ ಸೀಮೆಗೆ ಹೋಗುವುದು, ಗಿಬ್ ರಿವರ್ ರೋಡ್ ಎಂಬ ಆರುನೂರು ಚಿಲ್ಲರೆ ಕಿಲೋಮೀಟರಿನ ಮಣ್ಣು ದಾರಿಯನ್ನು ದಾಟುವುದು, ಡೇರೆ ಹಾಕಿ ಮಲಗುವುದು. ನನಗೆ ರೋಮಾಂಚನವಾಯಿತು. ಮನೆಯಲ್ಲಿ ಗಂಡನಿಗೆ ಫೋನು ಮಾಡಿದಾಗ 'ಊರು ನೋಡಲಿಕ್ಕೆ ಹೊರಟೇನಿ' ಎಂದಷ್ಟೇ ಹೇಳಿದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ನಾಲ್ಕನೆಯವನು ಮೋಹನ. ಬೆಂಗಳೂರಿನ ಹುಡುಗ, ಬ್ರಿಸ್ಬೇನಿನಲ್ಲಿ ಕಂಪ್ಯೂಟರ್ ಎಂಜಿನಿಯರ್. ಹಿಂದೆ ಪರ್ತಿನಲ್ಲಿದ್ದಾಗ ಇವರ ಮನೆಯಲ್ಲೇ ಒಂದು ಕೋಣೆಯಲ್ಲಿದ್ದನಂತೆ. ಈಗ ಫಾರೆಸ್ಟ್ ಲೇಕ್ ಎಂಬ ಹೊಸ ಬಡಾವಣೆಯಲ್ಲಿ ಮನೆ ಕೊಂಡಿದ್ದ.

"ಅಲ್ಲಿ ಲೇಕೂ ಬಿಲ್ಡರ್ರೇ ಮಾಡಿದ್ದು ಮೇಡಂ. ಬಾತುಕೋಳಿನೂ ಅವರೇ ತಂದು ಬಿಟ್ರೇನೋ ಅಂತ ಡೌಟು ನಂಗೆ. ಲೈಫಲ್ಲಿ ಒಂದ್ಸಲ ನಿಜವಾದ ಕಾಡು ನೋಡ್ಬೇಕು ಅಂತ ಬಂದ್ಬಿಟ್ಟೆ" ಎಂದ. ತಲೆಯ ಮೇಲಿನ ಹೊಸ ಟೋಪಿಯ ಬೆಲೆಚೀಟಿ ಇನ್ನೂ ನೇತಾಡುತ್ತಿತ್ತು.

ಡರ್ಬಿ

ಪರ್ತಿನಿಂದ ಡರ್ಬಿಗೆ ನಾಲ್ಕು ದಿನ. ಜೂನ್ ಅಲ್ಲಿ ಚಳಿಗಾಲವಾದ್ದರಿಂದ ಪರ್ತಿನಲ್ಲಿ ಸ್ವೆಟರ್ ಹಾಕುವ ಚಳಿ. ಉತ್ತರಕ್ಕೆ ಹೋದಂತೆ ಸೆಖೆ ಹೆಚ್ಚುತ್ತ ಹೋಗುವುದು ನನಗೆ ವಿಚಿತ್ರವೆನಿಸಿತು. ಎರಡನೇ ದಿನ ಸ್ವೆಟರ್ ಕಳಚಿದೆ, ಮೂರನೇ ದಿನ ಬೀಸಣಿಗೆ ಹುಡುಕಿದೆ.

ನಮ್ಮಲ್ಲಿ ಹುಬ್ಬಳ್ಳಿಯಿಂದ ಹಾವೇರಿಗೆ ಹೋಗುವಷ್ಟರಲ್ಲಿ ಹತ್ತು ಊರು, ನೂರು ಹಾರ್ನು. ಇಲ್ಲಿ ಮುಂಜಾನೆ ಬಿಟ್ಟರೆ ಮಧ್ಯಾಹ್ನಕ್ಕೆ ಒಂದು ಪೆಟ್ರೋಲ್ ಬಂಕು. ಅದನ್ನು ಇವರು 'ಸರ್ವೋ' ಎನ್ನುತ್ತಾರೆ. ಊರು, ಹೋಟೆಲು, ಅಂಚೆ ಕಚೇರಿ ಎಲ್ಲವೂ ಅದೇ. ಎದುರಿನಿಂದ ಗಾಡಿ ಬಂದರೆ ಅದರ ಚಾಲಕ ಸ್ಟಿಯರಿಂಗ್ ಮೇಲಿಂದ ಒಂದೇ ಒಂದು ಬೆರಳು ಎತ್ತುತ್ತಾನೆ. ಅದು ನಮಸ್ಕಾರ. ಕೈ ಬೀಸುವುದಿಲ್ಲ, ನಗುವುದಿಲ್ಲ, ಬರೀ ಬೆರಳು. ನಾನು ಹಿಂದಿನ ಸೀಟಿನಿಂದ ಎರಡೂ ಕೈ ಬೀಸಿ ಎಲ್ಲರಿಗೂ ಉತ್ತರ ಕೊಡುತ್ತಿದ್ದೆ. "ಅಕ್ಕ, ಯಾರೋ ಸಹಾಯಕ್ಕೆ ಕರೀತಿದ್ದಾರೆ ಅಂತ ನಿಲ್ಲಿಸಿಬಿಟ್ಟಾರು" ಎಂದು ಫ್ರಾನ್ಸಿಸ್ ಕೈ ಮುಗಿದ ಮೇಲೆ ನಾನೂ ಒಂದು ಬೆರಳಿಗೆ ಇಳಿದೆ.

ಡರ್ಬಿ ಹತ್ತಿರವಾದಾಗ ರಸ್ತೆಯ ಬದಿಗೆ ಒಂದು ಮರ ಕಂಡು "ನಿಲ್ಲಸ್ರಿ, ನಿಲ್ಲಸ್ರಿ!" ಎಂದು ಕೂಗಿದೆ. ಫ್ರಾನ್ಸಿಸ್ ಹೆದರಿ ಬ್ರೇಕು ಒತ್ತಿದ. ಅದು ನಮ್ಮೂರ ಮರ! ಸವಣೂರಿನ ಮಠದ ಆವರಣದಲ್ಲಿರುವ ದೊಡ್ಡಹುಣಸೆಯ ಮರಗಳನ್ನು ನೋಡಿದವರಿಗೆ ಗೊತ್ತು, ಬುಡವೆಂದರೆ ಒಂದು ಮನೆಯಷ್ಟು. ಜಗತ್ತಿನಲ್ಲಿ ಇಂಥ ಮರ ನಮ್ಮಲ್ಲಿ ಮೂರೇ ಇವೆ ಎಂದು ಚಿಕ್ಕಂದಿನಲ್ಲಿ ನಂಬಿದ್ದೆ. ಇಲ್ಲಿ ನೋಡಿದರೆ ಹೊಟ್ಟೆ ಉಬ್ಬಿಸಿಕೊಂಡು ಸಾಲುಸಾಲಾಗಿ ನಿಂತಿವೆ. ಇಲ್ಲಿಯವರು ಬೋಆಬ್ ಎನ್ನುತ್ತಾರೆ.

ಪೇಟೆಯಲ್ಲಿ ಆ ನೆಲದ ಮೂಲನಿವಾಸಿ ಅಜ್ಜಿಯೊಬ್ಬಳು ಆ ಮರದ ಒಣಕಾಯಿಗಳ ಮೇಲೆ ಹಕ್ಕಿ, ಮೀನು ಕೆತ್ತಿ ಮಾರುತ್ತ ಕೂತಿದ್ದಳು. ನನ್ನ ಊರಲ್ಲೂ ಈ ಮರ ಇದೆ ಎಂದು ಹರುಕು ಇಂಗ್ಲಿಷಿನಲ್ಲಿ ಹೇಳಿದೆ. ಅಜ್ಜಿ ಕೆತ್ತುವ ಚಾಕು ಕೆಳಗಿಟ್ಟು ನನ್ನನ್ನು ನೋಡಿದಳು. "ಅಷ್ಟು ದೂರ ಹೇಗೆ ಬಂತು ಅದು?" ಎಂದಳು. ಗೊತ್ತಿಲ್ಲ ಎಂದೆ. ಕೆತ್ತದ ಒಂದು ಕಾಯಿಯನ್ನು ಕಲ್ಲಿಗೆ ಕುಟ್ಟಿ ಒಡೆದು ಒಳಗಿನ ಬಿಳಿ ತಿರುಳನ್ನು ಕೈಗಿಟ್ಟಳು. ನಾಲಿಗೆಗೆ ಹುಳಿ ತಾಗಿತು. ನಮ್ಮ ಹಿರಿಯರು ಹುಣಸೆ ಎಂದು ಕರೆದದ್ದು ಸುಮ್ಮನೆ ಅಲ್ಲ. ಊರ ಹೊರಗೆ ಪೊಳ್ಳು ಬುಡದ ಇನ್ನೊಂದು ಮರವಿದೆ, ಹಿಂದೆ ಬಿಳಿಯ ಪೊಲೀಸರು ಅಜ್ಜಿಯ ಜನರನ್ನು ಸಂಕೋಲೆ ಹಾಕಿ ಅಲ್ಲಿ ಕೂಡಿಹಾಕುತ್ತಿದ್ದರು ಎಂದು ಹೇಳುತ್ತಾರೆ. ನಾವು ಅಲ್ಲಿಗೆ ಹೋದೆವು. ಮೋಹನ ಎತ್ತಿದ ಕ್ಯಾಮೆರಾವನ್ನು ಕೆಳಗಿಳಿಸಿದ. ಯಾರೂ ಫೋಟೋ ತೆಗೆಯಲಿಲ್ಲ.

ಕೆಂಪು ದಾರಿ

ಗಿಬ್ ರಿವರ್ ರೋಡಿನ ಮಣ್ಣು ನಮ್ಮ ಕಡೆಯ ಕುಂಬಾರರು ಮಡಕೆಗೆ ಬಳಿಯುವ ಕಾವಿಯಷ್ಟು ಕೆಂಪು. ದಾರಿಯ ಉದ್ದಕ್ಕೂ ಅಡ್ಡಗೆರೆಗಳು ಎದ್ದಿರುತ್ತವೆ. ತಗಡಿನ ಚಾವಣಿಯ ಮೇಲೆ ಗಾಡಿ ಓಡಿಸಿದ ಹಾಗೆ. ನಿಧಾನ ಹೋದರೆ ಎಲುಬು ಅಲುಗುತ್ತದೆ, ಜೋರು ಹೋದರೆ ಚಕ್ರ ಗೆರೆಯಿಂದ ಗೆರೆಗೆ ಹಾರಿ ದಾರಿ ನುಣುಪಾದಂತೆ ಭಾಸವಾಗುತ್ತದೆ, ಆದರೆ ತಿರುವಿನಲ್ಲಿ ಗಾಡಿ ಮಾತು ಕೇಳುವುದಿಲ್ಲ. ಎಷ್ಟು ಜೋರು ಹೋಗಬೇಕೆಂಬುದೇ ಗಂಡ ಹೆಂಡತಿಯ ಇಡೀ ದಿನದ ಜಗಳ.

ಮೊದಲ ಸಂಜೆ ಊಟದ ಪೆಟ್ಟಿಗೆ ತೆರೆದಾಗ ಸಕ್ಕರೆ ಡಬ್ಬಿಯ ಮುಚ್ಚಳ ತಾನೇ ತಿರುಗಿ ಬಿಚ್ಚಿಕೊಂಡಿತ್ತು. ಸಕ್ಕರೆ, ಕಾಫಿಪುಡಿ, ಕೆಂಪುಮಣ್ಣು ಮೂರೂ ಒಂದಾಗಿದ್ದವು. ನನ್ನ ಖಡಕ್ ರೊಟ್ಟಿ ರವೆಯಾಗಿತ್ತು! ಊರಿನಿಂದ ಸಮುದ್ರ ದಾಟಿ ಬಂದ ರೊಟ್ಟಿ ಒಂದು ದಿನದ ದಾರಿಗೆ ಸೋತಿತ್ತು. ಈರುಳ್ಳಿ ಹೆಚ್ಚಿ ಒಗ್ಗರಣೆ ಹಾಕಿ ಅದರದೇ ಉಪ್ಪಿಟ್ಟು ಮಾಡಿದೆ. ಮೋಹನ ಮೂರು ಸಲ ಹಾಕಿಸಿಕೊಂಡು, "ಮೇಡಂ, ಇದಕ್ಕೆ ಹೆಸರೇನು?" ಎಂದ. ಗಿಬ್ ರಿವರ್ ಉಪ್ಪಿಟ್ಟು ಎಂದೆ.

ವಿಂಜಾನಾ ಎಂಬ ಕಮರಿಯಲ್ಲಿ ಮೊಸಳೆಗಳು ಒಣಹಾಕಿದ ಬಟ್ಟೆಯಂತೆ ಮರಳ ಮೇಲೆ ಬಿದ್ದಿದ್ದವು. ಇವು ಸಿಹಿನೀರಿನವು, ಸಾಧು, ತಂಟೆಗೆ ಹೋಗದಿದ್ದರೆ ಏನೂ ಮಾಡುವುದಿಲ್ಲ ಎಂದು ಫಲಕವಿತ್ತು. ಮೋಹನ ಫಲಕವನ್ನು ಎರಡು ಸಲ ಓದಿದ. "ಇದನ್ನ ಮೊಸಳೆಗಳು ಓದಿದಾವಾ?" ಎಂದು ಕೇಳಿ, ಅಲ್ಲಿಂದಲೇ ವಾಪಸು ತಿರುಗಿದ. ನಾನು ಮತ್ತು ಲವೀನಾ ಹತ್ತು ಮಾರು ದೂರದವರೆಗೆ ಹೋದೆವು. ಮೊಸಳೆ ಒಂದು ಕಣ್ಣು ತೆರೆದು ನಮ್ಮನ್ನು ನೋಡಿ ಮತ್ತೆ ಮುಚ್ಚಿತು. ಎಷ್ಟೋ ವರ್ಷದ ಮೇಲೆ ನಾವಿಬ್ಬರೂ ಹಾಸ್ಟೆಲಿನ ಹುಡುಗಿಯರಂತೆ ಕೈ ಹಿಡಿದುಕೊಂಡು ಕಿರುಚಿ ಓಡಿದೆವು.

ದುರಾಕ್ ನದಿ

ಡರ್ಬಿ ಬಿಟ್ಟ ಐದನೇ ಮಧ್ಯಾಹ್ನ ದುರಾಕ್ ನದಿಯ ಹತ್ತಿರ ಡೇರೆ ಹಾಕಿದೆವು. ನೀರು ತರಲು ಬಂಡೆಯ ಮೇಲಿಂದ ಇಳಿಯುತ್ತಿದ್ದ ಫ್ರಾನ್ಸಿಸ್ ಪಾಚಿಯ ಮೇಲೆ ಜಾರಿದ. ಬಲಗೈ ಊರಿ ಬಿದ್ದ. ಓಡಿಹೋಗಿ ನೋಡಿದರೆ ಮಣಿಕಟ್ಟು ಬೋರಲು ಇಟ್ಟ ಚಮಚದಂತೆ ಬಾಗಿತ್ತು. ಇಬ್ಬರು ನರ್ಸುಗಳಿಗೆ ಎಕ್ಸ್‌ರೇ ಬೇಕಾಗಲಿಲ್ಲ.

ಮೋಹನ ಓದಲು ತಂದ ದಪ್ಪ ಪತ್ರಿಕೆಯನ್ನು ಕೈಗೆ ಸುತ್ತಿ, ನನ್ನ ಹಳೆಯ ವಾಯಿಲ್ ಸೀರೆ ಹರಿದು ಕಟ್ಟಿದೆವು. ನೋವಿನ ಮಾತ್ರೆ ಕೊಟ್ಟೆವು. ಯಾವುದಾದರೂ ಗಾಡಿ ಬಂದೀತೆಂದು ಕಾದೆವು, ಬರಲಿಲ್ಲ. ಬೆಳಿಗ್ಗೆ ಲವೀನಾ ಅವನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿದಳು. "ಇಲ್ಲಿ ಗೊತ್ತಾಗ್ತದಾ? ಇಲ್ಲಿ?" ಹೆಬ್ಬೆರಳು, ತೋರುಬೆರಳು ಜೋಮು ಹಿಡಿದಿದ್ದವು. ಬೆರಳ ತುದಿ ತಣ್ಣಗಿತ್ತು. ಪಟ್ಟಿ ಸಡಿಲಿಸಿದೆವು, ಹೆಚ್ಚು ವ್ಯತ್ಯಾಸವಾಗಲಿಲ್ಲ. ಲವೀನಾ ನನ್ನ ಮುಖ ನೋಡಿದಳು. ಕೈಯನ್ನೇ ನಂಬಿ ಬದುಕುವ ಮೆಕ್ಯಾನಿಕ್ ಅವನು. ತಡ ಮಾಡುವ ಹಾಗಿರಲಿಲ್ಲ.

ಹಿಂದೆ ಡರ್ಬಿ ಐನೂರು ಕಿಲೋಮೀಟರಿಗೂ ಮೇಲೆ. ಮುಂದೆ ಕುನುನುರ್ರಾ ಎಂಬ ಊರು, ಅಲ್ಲಿ ಆಸ್ಪತ್ರೆ, ಸಂಜೆಯೊಳಗೆ ತಲುಪಬಹುದು. ಆದರೆ ನಡುವೆ ಪೆಂಟಿಕೋಸ್ಟ್ ನದಿ. ಸೇತುವೆ ಇಲ್ಲ.

"ಗಾಡಿ ಓಡಿಸುವುದು ಯಾರು?" ಎಂದಳು ಲವೀನಾ. ಅವಳು ಆಸ್ಪತ್ರೆಗೆ ಓಡಿಸಿಕೊಂಡು ಹೋಗುವ ಕಾರು ಆಟೋಮ್ಯಾಟಿಕ್, ಮೋಹನನದೂ ಅದೇ. ಗೇರು ಹಾಕುವ ಗಾಡಿಯನ್ನು ಇಬ್ಬರೂ ಮುಟ್ಟಿದವರಲ್ಲ.

"ನಾನ್ ಟ್ರೈ ಮಾಡ್ತೀನಿ, ಅದೇನ್ ರಾಕೆಟ್ಟಾ?" ಎಂದು ಮೋಹನ ಕೂತ. ಗಾಡಿ ಕಪ್ಪೆಯಂತೆ ನಾಲ್ಕು ಸಲ ಕುಪ್ಪಳಿಸಿ ಸತ್ತಿತು. ಮತ್ತೆ ಕುಪ್ಪಳಿಸಿತು, ಮತ್ತೆ ಸತ್ತಿತು. ಪ್ರತಿ ಕುಪ್ಪಳಿಕೆಗೂ ಫ್ರಾನ್ಸಿಸ್ ಹಲ್ಲು ಕಚ್ಚಿ ಕೈ ಹಿಡಿದುಕೊಳ್ಳುತ್ತಿದ್ದ.

"ಇಳಿ ತಮ್ಮಾ" ಎಂದೆ. "ನಾ ಓಡಸ್ತೀನಿ."

"ನಿನಗೆ ಮಂಡೆ ಸಮ ಉಂಟಾ?" ಎಂದಳು ಲವೀನಾ.

ನಮ್ಮ ಆರೋಗ್ಯ ಕೇಂದ್ರದಲ್ಲಿ ಒಂದು ಡೀಸೆಲ್ ಜೀಪಿತ್ತು. ಅದರ ಚಾಲಕ ಹಜರತ್‌ಸಾಬ್ ಕೆರೆಯ ಕೆಳಗಿನ ಬಯಲಿನಲ್ಲಿ ನನಗೆ ಓಡಿಸಲು ಕಲಿಸಿದ್ದ. ಲೈಸೆನ್ಸೂ ಆಯಿತು. ಆದರೆ ನಮ್ಮ ಡಾಕ್ಟರು "ಸಿಸ್ಟರ್, ನೀವು ಸೂಜಿ ಹಿಡೀರಿ ಸಾಕು" ಎಂದು ಕೀಲಿ ಕಸಿದುಕೊಂಡರು. ಅದಾಗಿ ಆರು ವರ್ಷವಾಗಿತ್ತು. ಚೀಲದಲ್ಲಿ ನರ್ಸಿಂಗ್ ಪ್ರಮಾಣಪತ್ರದ ಜೊತೆ ಬಂದಿದ್ದ ಲೈಸೆನ್ಸನ್ನು ತೆಗೆದು ತೋರಿಸಿದೆ. ಫ್ರಾನ್ಸಿಸ್ ಎಡಗೈಯಲ್ಲಿ ಹಿಡಿದು ಎರಡೂ ಬದಿ ನೋಡಿದ.

"ಗಿರಿಜಕ್ಕ, ಈ ದೇಶಕ್ಕೆ ಬಂದು ಮೂರು ವಾರ ಆಯ್ತು. ಇದನ್ನು ಈಗ ಹೇಳುವುದಾ?"

"ನೀವ್ ಕೇಳಿದ್ರೇನು?" ಎಂದೆ.

ಕ್ಲಚ್ಚು ಗಟ್ಟಿ, ಸೀಟು ದೂರ. ಬೆನ್ನ ಹಿಂದೆ ಎರಡು ದಿಂಬು ಇಟ್ಟುಕೊಂಡೆ. ಮೊದಲ ಗೇರು ಹಾಕಿ ಕ್ಲಚ್ ಬಿಟ್ಟಾಗ ಆ ಆನೆ ತಣ್ಣಗೆ ಮುಂದೆ ಸರಿಯಿತು. ನನ್ನ ಗಂಟಲಿನಿಂದ ಒಂದು ಕೂಗು ಹೊರಟಿತು. ಹೆದರಿಕೆಯ ಕೂಗಲ್ಲ.

ಪೆಂಟಿಕೋಸ್ಟ್

ನದಿಗೆ ಬಂದಾಗ ಸೂರ್ಯ ನೆತ್ತಿಗೆ ಬಂದಿದ್ದ. ಆಚೆಗೆ ಕೆಂಪು ಬೆಟ್ಟದ ಗೋಡೆ, ಈಚೆಗೆ ನಾವು, ನಡುವೆ ಅಗಲವಾಗಿ, ಅವಸರವಿಲ್ಲದೆ ಹರಿಯುವ ನೀರು. ಎಷ್ಟು ಆಳವೆಂದು ಕಾಣುವುದಿಲ್ಲ. ಇಳಿದು ನೋಡುವ ಹಾಗೂ ಇಲ್ಲ. ಇಲ್ಲಿಯ ಮೊಸಳೆ ಉಪ್ಪುನೀರಿನದು, ಸಾಧು ಜಾತಿಯದಲ್ಲ ಎಂದು ಫಲಕ ಎಚ್ಚರಿಸುತ್ತಿತ್ತು. ಮೋಹನ ಈ ಸಲ ಒಂದೇ ಸಲ ಓದಿದ.

ಅಷ್ಟರಲ್ಲಿ ಆಚೆ ದಡದಿಂದ ಒಂದು ಗಾಡಿ ನೀರಿಗಿಳಿಯಿತು. ಮೂಗಿನ ಮುಂದೆ ಅಲೆಯೊಂದನ್ನು ತಳ್ಳುತ್ತ, ಅಲ್ಲಲ್ಲಿ ಕುಲುಕುತ್ತ, ನಮ್ಮ ಕಡೆ ಬಂತು. ನೀರು ಚಕ್ರದ ಅರ್ಧಕ್ಕೆ, ಒಂದು ಕಡೆ ಅದಕ್ಕೂ ಮೇಲೆ. ದಡ ಹತ್ತಿ ನಿಂತ ಗಾಡಿಯಿಂದ ಇಳಿದವಳು ಎಪ್ಪತ್ತರ ಆಸುಪಾಸಿನ ಅಜ್ಜಿ. ಹೆಸರು ಜೋನ್, ಅಡಿಲೇಡಿನವಳು. ಪಕ್ಕದ ಸೀಟಿನಲ್ಲಿ ಗಂಡ.

"ಅವನು ಕಣ್ಣು ಮುಚ್ಚಿಕೊಂಡಿದ್ದ. ಮುಗಿಯಿತು ಎಂದರೂ ತೆರೆಯುವುದಿಲ್ಲ" ಎಂದಳು. ಗಂಡ ಹೌದೆಂದು ತಲೆಯಾಡಿಸಿದ.

ನಮ್ಮ ಕಥೆ ಕೇಳಿದಳು. ಫ್ರಾನ್ಸಿಸ್‌ನ ಬೆರಳು ನೋಡಿದಳು. "ನಾನೇ ನಿಮ್ಮ ಗಾಡಿಯನ್ನು ಆಚೆ ಬಿಡುತ್ತಿದ್ದೆ. ಆದರೆ ಆಮೇಲೆ ನಾನು ಈಚೆ ಬರುವುದು ಹೇಗೆ? ಈ ನದಿಯಲ್ಲಿ ಯಾರೂ ನಡೆಯುವುದಿಲ್ಲ ಮಗಳೇ." ನಂತರ ನನ್ನ ಭುಜ ಹಿಡಿದು ನದಿಯ ಕಡೆ ತಿರುಗಿಸಿದಳು. "ಅಲ್ಲಿ ನೀರು ಸುಕ್ಕುಗಟ್ಟಿದೆ ನೋಡು, ಅಲ್ಲಿ ಕಲ್ಲು ಮೇಲಿದೆ, ಆಳ ಕಡಿಮೆ. ಆ ಸುಕ್ಕಿನ ಮೇಲೇ ಹೋಗು. ನುಣುಪಾಗಿರುವ ಕಡೆ ಹೋಗಬೇಡ. ನಾಲ್ಕೂ ಚಕ್ರಕ್ಕೆ ಬಲ ಕೊಡುವ ಚಿಕ್ಕ ಲಿವರ್ ಲೋ ಗೇರಿನಲ್ಲಿರಲಿ, ದೊಡ್ಡದು ಎರಡನೇ ಗೇರಿನಲ್ಲಿ. ಒಮ್ಮೆ ಇಳಿದರೆ ಗೇರು ಬದಲಿಸಬೇಡ, ಕ್ಲಚ್ ಮುಟ್ಟಬೇಡ, ನಿಲ್ಲಿಸಬೇಡ. ನೀನು ನಿಂತರೆ ನದಿ ನಿಲ್ಲುವುದಿಲ್ಲ."

ನೀರು ನುಗ್ಗದಂತೆ ಎಂಜಿನ್ನಿನ ಮುಂದೆ ಟಾರ್ಪಾಲು ಕಟ್ಟಿಕೊಟ್ಟವನು ಅವಳ ಗಂಡ. ಗಾಡಿ ಮುಳುಗಿದರೆ ಹೊರಬರಲೆಂದು ಸೀಟುಬೆಲ್ಟು ಬಿಚ್ಚಿದೆವು, ಕಿಟಕಿ ಇಳಿಸಿದೆವು. ಲವೀನಾ ಹಿಂದೆ ಕೂತು ಕೊಂಕಣಿಯಲ್ಲಿ ಪ್ರಾರ್ಥನೆ ಶುರು ಮಾಡಿದಳು. ಮೋಹನ ಅವಳ ಭಾಷೆ ಬಾರದಿದ್ದರೂ ಕೊನೆಯಲ್ಲಿ 'ಆಮೆನ್' ಹೇಳುತ್ತಿದ್ದ. ನನ್ನ ಅಂಗೈ ಬೆವರಿ ಸ್ಟಿಯರಿಂಗ್ ಜಾರುತ್ತಿತ್ತು. ಸೆರಗಿಗೆ ಒರೆಸಿಕೊಳ್ಳಲು ಹೋದೆ, ಲವೀನಾಳ ಪ್ಯಾಂಟು ಹಾಕಿಕೊಂಡಿದ್ದೆ ಎಂದು ಆಗ ನೆನಪಾಯಿತು.

ಇಳಿದೆ.

ಮೊದಲು ಕಲ್ಲುಗಳ ಸದ್ದು, ಆಮೇಲೆ ನೀರಿನ ಸದ್ದು, ಆಮೇಲೆ ಎರಡೂ ಒಂದೇ. ಕಲ್ಲುಗಳು ತೆಂಗಿನಕಾಯಿಯಷ್ಟು ದಪ್ಪ. ಸ್ಟಿಯರಿಂಗ್ ತಾನೇ ತಿರುಗಲು ನೋಡುತ್ತಿತ್ತು. ನಾನು ಸುಕ್ಕನ್ನೇ ನೋಡುತ್ತ ಹೋದೆ. ಅರ್ಧ ದಾಟಿದ ಮೇಲೆ ಮುಂದಿನ ಎಡ ಚಕ್ರ ಧಡ್ ಎಂದು ಗುಂಡಿಗೆ ಬಿತ್ತು. ಗಾಡಿ ವಾಲಿತು. ಬಾಗಿಲ ಸಂದಿನಿಂದ ನೀರು ಒಳಗೆ ಬಂದು ನನ್ನ ಪಾದ ತಣ್ಣಗಾಯಿತು. ಎಂಜಿನ್ನಿನ ದನಿ ಕುಸಿಯಿತು, ಸಾಯುವ ಮೊದಲಿನ ದನಿ. ಎಡಗಾಲು ತನ್ನಷ್ಟಕ್ಕೇ ಕ್ಲಚ್ಚಿನ ಮೇಲೆ ಹೋಯಿತು.

"ಕ್ಲಚ್ ಒತ್ಬೇಡಿ ಅಕ್ಕ! ಒತ್ಬೇಡಿ! ಎಕ್ಸಿಲರೇಟರ್ ಕೊಡಿ!" ಎಂದು ಪಕ್ಕದಿಂದ ಫ್ರಾನ್ಸಿಸ್ ಕೂಗಿದ.

ಎಡಗಾಲನ್ನು ಎತ್ತಿ ಸೀಟಿನ ಕೆಳಗೆ ಮಡಚಿಕೊಂಡೇಬಿಟ್ಟೆ. ಬಲಗಾಲು ಒತ್ತಿದೆ. ಒಂದು ಗಳಿಗೆ ಏನೂ ಆಗಲಿಲ್ಲ. ನಾಲ್ಕೂ ಚಕ್ರ ಕಲ್ಲು ಕೆರೆಯುತ್ತಿದ್ದವು, ನೀರು ಬದಿಯಿಂದ ತಳ್ಳುತ್ತಿತ್ತು. ನಂತರ ಹಿಂದಿನ ಚಕ್ರಕ್ಕೆ ಏನೋ ಗಟ್ಟಿ ಸಿಕ್ಕಿತು. ಗಾಡಿ ಮೂಗೆತ್ತಿತು, ಗುಂಡಿಯಿಂದ ಹೊರಬಂತು, ಏರು ಹತ್ತಿತು. ನೀರು ಸುರಿಸುತ್ತ ಕೆಂಪು ಮಣ್ಣಿನ ಮೇಲೆ ನಿಂತಿತು.

ಬಾಗಿಲು ತೆರೆದು ಇಳಿದು ಮಣ್ಣಲ್ಲೇ ಕೂತೆ. ಆಚೆ ದಡದಿಂದ ಜೋನ್ ಅಜ್ಜಿ ಹಾರ್ನು ಬಾರಿಸುತ್ತಲೇ ಇದ್ದಳು. ಆ ದೇಶದಲ್ಲಿ ನಾನು ಕೇಳಿದ ಮೊದಲ ಹಾರ್ನು ಅದು. ಲವೀನಾ ಬಂದು ನನ್ನನ್ನು ತಬ್ಬಿಕೊಂಡು ಅಳತೊಡಗಿದಳು, ನಾನು ನಗತೊಡಗಿದೆ. ಮೋಹನ ಇಬ್ಬರ ಫೋಟೋ ತೆಗೆದ. ಆ ಫೋಟೋ ಈಗಲೂ ನನ್ನಲ್ಲಿದೆ, ಅಲುಗಿದ ಕೈಯಿಂದ ತೆಗೆದದ್ದಾದ್ದರಿಂದ ಇಬ್ಬರಿಗೂ ಎರಡೆರಡು ಮೂಗು.

ಕುನುನುರ್ರಾ

ಆಸ್ಪತ್ರೆಯ ಎಳೆ ವಯಸ್ಸಿನ ಡಾಕ್ಟರು ಫ್ರಾನ್ಸಿಸ್‌ನ ಕೈಯನ್ನು ಎಳೆದು ಕೂರಿಸಿ ಪ್ಲಾಸ್ಟರ್ ಹಾಕಿದರು. ಮೂಳೆ ನರವನ್ನು ಒತ್ತುತ್ತಿತ್ತಂತೆ, ಬೇಗ ಬಂದದ್ದು ಒಳ್ಳೆಯದಾಯಿತು ಎಂದರು. ಮರುದಿನ ಲವೀನಾ ಅವನ ಹೆಬ್ಬೆರಳನ್ನು ಚಿವುಟಿದಾಗ "ಅಯ್ಯಯ್ಯೋ, ಮೆಲ್ಲ!" ಎಂದು ಕೂಗಿದ. ಹೆಂಡತಿಯ ಮುಖ ಅಷ್ಟು ಅರಳಿದ್ದನ್ನು ನಾನು ಅವಳ ಮದುವೆಯ ಫೋಟೋದಲ್ಲೂ ಕಂಡಿರಲಿಲ್ಲ.

ಆರು ವಾರ ಪ್ಲಾಸ್ಟರ್. ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ನಕ್ಷೆ ಹರಡಿಕೊಂಡು ಕೂತೆವು. ಹೆದ್ದಾರಿ ಹಿಡಿದರೂ ಪರ್ತಿಗೆ ಮೂರು ಸಾವಿರ ಕಿಲೋಮೀಟರಿನ ಮೇಲೆ.

"ಗಾಡಿಯನ್ನು ಲಾರಿಗೆ ಹಾಕಿ ಕಳಿಸುವ, ನಾವು ಬಸ್ಸಲ್ಲಿ ಹೋಗುವ" ಎಂದ ಫ್ರಾನ್ಸಿಸ್.

"ಅಥವಾ ಫ್ಲೈಟು?" ಎಂದ ಮೋಹನ. ನನ್ನ ಕಡೆ ನೋಡಲಿಲ್ಲ.

"ದಾರಿ ಡಾಂಬರಿಂದೇನು?" ಎಂದು ಕೇಳಿದೆ.

"ಪೂರ್ತಿ ಡಾಂಬರು."

"ನಡುವ ಹೊಳಿ?"

"ಎಲ್ಲಾ ಕಡೆ ಸೇತುವೆ ಉಂಟು ಅಕ್ಕ."

"ಹೊಳಿ ಇಲ್ಲಂಬೂದ ಒಂದ ಬ್ಯಾಸರಾ" ಎಂದೆ. ಮೂವರೂ ತಲೆಯೆತ್ತಿದರು. "ಮುಂಜಾನೆ ಆರಕ್ಕ ಬಿಡೂನು. ಯಾರೂ ತಡಾ ಮಾಡಬ್ಯಾಡ್ರಿ."

ಅಲ್ಲಿಯವರೆಗೆ ನನ್ನ ಬದುಕಿನಲ್ಲಿ ಹೊರಡುವ ಹೊತ್ತನ್ನು ಹೇಳುತ್ತಿದ್ದವರು ಬೇರೆಯವರು: ಡಾಕ್ಟರು, ಬಸ್ಸಿನ ಕಂಡಕ್ಟರು, ಮನೆಯವರು. ನಾನು ತಯಾರಾಗಿ ನಿಂತಿರುತ್ತಿದ್ದೆ. ಈಗ ಮೋಹನ ಗಡಿಯಾರ ನೋಡಿಕೊಂಡು, "ಆರೂವರೆ ಆದ್ರೆ ಪರವಾಗಿಲ್ವಾ ಮೇಡಂ?" ಎಂದು ಕೇಳುತ್ತಿದ್ದ.

"ಆರು ಅಂದ್ರ ಆರು" ಎಂದೆ.